ನೂರು ನೊಣದ ನೀರು

ನಮ್ಮೂರಿಗೆ ಇರುವುದು ಒಂದೇ ಹಳ್ಳ, ಹಳ್ಳಕ್ಕೆ ಇರುವುದು ಒಂದೇ ತೂಬು. ತೂಬಿನ ಹಲಗೆಯನ್ನು ಎಡಕ್ಕೆ ತಿರುಗಿಸಿದರೆ ನೀರು ಮೇಲಿನ ಓಣಿಯ ತೋಟಗಳಿಗೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಕೆಳಗಿನ ಓಣಿಯ ಬಣ್ಣದ ಬಾನಿಗಳಿಗೆ ಇಳಿಯುತ್ತದೆ. ಎತ್ತ ತಿರುಗಿಸಬೇಕು ಎಂಬುದನ್ನು ಗೌಡರು ಹೇಳುವುದಿಲ್ಲ, ಪಂಚರು ಹೇಳುವುದಿಲ್ಲ, ಹಣ್ಣುನೊಣಗಳು ಹೇಳುತ್ತವೆ. ತೂಬಿನ ಪಕ್ಕದ ಕಲ್ಲುಮಂಟಪದಲ್ಲಿ ಸೀಸೆಗಳ ಸಾಲಿದೆ. ಆ ದಿನದ ಸೀಸೆಯಲ್ಲಿ ಕೋಶ ಒಡೆದು ಹೊರಬಂದ ಮೊದಲ ನೂರು ನೊಣಗಳಲ್ಲಿ ಹೆಣ್ಣು ಹೆಚ್ಚಿದ್ದರೆ ಅಂದಿನ ನೀರು ಮೇಲಿನ ಓಣಿಗೆ, ಗಂಡು ಹೆಚ್ಚಿದ್ದರೆ ಕೆಳಗಿನ ಓಣಿಗೆ. ನಾನು ಹುಟ್ಟುವ ಮೊದಲೂ ಹೀಗೇ ಇತ್ತು, ನನ್ನ ಅಜ್ಜಿ ಹುಟ್ಟುವ ಮೊದಲೂ ಹೀಗೇ ಇತ್ತಂತೆ.

ನನ್ನ ಹೆಸರು ಬಾಳವ್ವ. ಮೇಲಿನ ಓಣಿಯಲ್ಲೇ ಹುಟ್ಟಿ ಮೇಲಿನ ಓಣಿಗೇ ಸೊಸೆಯಾದವಳು. ಎಳೆ ಎಣಿಸಿ ಕಸೂತಿ ಹಾಕುತ್ತಿದ್ದ ನನ್ನನ್ನು ನೊಣ ನೋಡುವ ಕೆಲಸಕ್ಕೆ ಕೂರಿಸಿದ್ದು ದುಂಡಪ್ಪಜ್ಜನ ಕಣ್ಣಿಗೆ ಪೊರೆ ಬಂದ ಮೇಲೆ. ನಲವತ್ತು ವರ್ಷ ಆ ಮಂಟಪದಲ್ಲಿ ಕೂತು ನೊಣ ನೋಡಿದ ಮನುಷ್ಯ ಅವನು. ಹೆಂಡತಿ ಮಕ್ಕಳಿಲ್ಲ. ಸೀಸೆಗಳನ್ನೇ ಮಕ್ಕಳಂತೆ ಸಾಕಿದವನು.

ಕೆಲಸವನ್ನು ಅವನು ಮೊದಲಿನಿಂದ ಕಲಿಸಿದ. ಜೋಳದ ನುಚ್ಚನ್ನು ಬೆಲ್ಲ ಹಾಕಿ ಗಂಜಿ ಮಾಡಬೇಕು, ಆರಿದ ಮೇಲೆ ಒಂದು ಹನಿ ಹುಳಿಹೆಂಡ ಬಿಟ್ಟು ಸೀಸೆಗೆ ಸುರಿಯಬೇಕು. ನೊಣಗಳನ್ನು ಬಿಟ್ಟ ಮರುದಿನವೇ ಗಂಜಿಯ ಮೇಲೆ ಮೊಟ್ಟೆ. ಬಿಳಿ ದಾರದ ಚೂರಿನಷ್ಟು, ತುದಿಯಲ್ಲಿ ಎರಡು ಕೂದಲೆಳೆ. ಅದರಿಂದ ಹುಳು. ಹುಳು ಎರಡು ಸಲ ಚರ್ಮ ಬಿಟ್ಟು ದಪ್ಪಗಾಗಿ, ಹೊಟ್ಟೆ ತುಂಬಿದ ಮೇಲೆ ಗಂಜಿ ತೊರೆದು ಸೀಸೆಯ ಗೋಡೆ ಹತ್ತುತ್ತದೆ. ಹತ್ತಿದ್ದು ಅಲ್ಲೇ ಅಂಟಿ ಕೋಶವಾಗುತ್ತದೆ. ಕೋಶ ಮೊದಲು ಬಿಳಿ, ಆಮೇಲೆ ಕಂದು, ಕೊನೆಗೆ ಒಳಗಿನ ರೆಕ್ಕೆ ಕಪ್ಪಗೆ ಕಾಣತೊಡಗಿದರೆ ನಾಳೆ ಒಡೆಯುತ್ತದೆ ಎಂದರ್ಥ. ಎಲ್ಲ ಸೇರಿ ಹತ್ತು ದಿನ. ಹಾಗಾಗಿ ಹತ್ತು ಸೀಸೆ, ದಿನಕ್ಕೊಂದು.

"ಮಂಪರಿನ ಔಷಧದಾಗ ಅದ್ದಿದ ಹತ್ತಿ ತೋರಿಸು, ಮಲಗತಾವ. ಆಮ್ಯಾಲ ಭೂತಗನ್ನಡಿ ಹಿಡಿ," ಎಂದು ಅಜ್ಜ ಹೇಳಿಕೊಟ್ಟಿದ್ದ. "ಮೈ ದೊಡ್ಡದು, ಹೊಟ್ಟಿ ತುದಿ ಚೂಪು, ತುದಿತನಕ ಪಟ್ಟಿ ಪಟ್ಟಿ ಇದ್ರ ಹೆಣ್ಣು. ಮೈ ಸಣ್ಣದು, ತುದಿ ದುಂಡಗ, ಮಸಿಯಾಗ ಅದ್ದಿ ತಗದಂಗ ಕರ್ರಗ ಇದ್ರ ಗಂಡು. ಕುಂಚದ ತುದೀಲೆ ಆ ಕಡಿ ಈ ಕಡಿ ಸರಸಿಬಿಡು. ಕೈ ನಡುಗಬಾರದು, ಮನಸ್ಸು ಯಾರ ಕಡಿಗೂ ವಾಲಬಾರದು."

ನನ್ನ ಕೈ ನಡುಗಲಿಲ್ಲ. ನಾಲ್ಕು ವರ್ಷ ದಿನಾ ಬೆಳಗ್ಗೆ ಸೂರ್ಯ ಮಂಟಪದ ಮೆಟ್ಟಿಲು ಮುಟ್ಟುವಷ್ಟರಲ್ಲಿ ಎಣಿಕೆ ಮುಗಿಸುತ್ತಿದ್ದೆ. ಹೊರಗೆ ಬಂದು ಕೂಗುತ್ತಿದ್ದೆ. ಹತ್ತು ದಿನಗಳಲ್ಲಿ ಎಂಟು ದಿನ ಹೆಣ್ಣೇ ಬರುತ್ತಿತ್ತು. ಅಜ್ಜನ ಕಾಲದಲ್ಲೂ ಹಾಗೇ. ಅದು ಯಾರಿಗೂ ವಿಚಿತ್ರ ಅನಿಸಿರಲಿಲ್ಲ. ಮೇಲಿನ ಓಣಿಯವರು ಅದಕ್ಕೆ ತಕ್ಕಂತೆ ಅಂಜೂರದ ತೋಟ ಹಬ್ಬಿಸಿಕೊಂಡಿದ್ದರು, ಕೆಳಗಿನ ಓಣಿಯವರು ಅದಕ್ಕೆ ತಕ್ಕಂತೆ ಹಳ್ಳದ ಮರಳಿನಲ್ಲಿ ಒರತೆ ತೋಡುವುದನ್ನು ಕಲಿತಿದ್ದರು. ಅಲ್ಲಿಯ ಹೆಂಗಸರ ನೆತ್ತಿಯಲ್ಲಿ ಕೊಡ ಕೂತು ಕೂತು ಕೂದಲು ಸವೆದಿರುತ್ತಿತ್ತು. ಅದನ್ನು ನೋಡಿಯೇ ಯಾರು ಯಾವ ಓಣಿಯವರು ಎಂದು ಹೇಳಬಹುದಿತ್ತು.

ಆ ವರ್ಷ ಬೇಸಿಗೆ ಬೇಗ ಬಂತು. ಒಂದು ಬೆಳಗ್ಗೆ ನಾನು "ಹೆಣ್ಣು ಅರವತ್ತೆಂಟು, ಗಂಡು ಮೂವತ್ತೆರಡು" ಎಂದು ಕೂಗಿ ಒಳಗೆ ಬಂದರೆ, ಹಿಂದಿನಿಂದ ಫಕೀರವ್ವ ಮೆಟ್ಟಿಲು ಹತ್ತಿ ಬಂದಳು. ಕೆಳಗಿನ ಓಣಿಯ ಬಣ್ಣಗಾರ್ತಿ. ನನಗಿಂತ ಹತ್ತು ವರ್ಷ ದೊಡ್ಡವಳು. ಮೊಣಕೈವರೆಗೆ ನೀಲಿ ಹತ್ತಿದ ಕೈಗಳು.

"ಬಾಳವ್ವಾ, ನಮಗ ನೀರು ಬಂದು ಇವತ್ತಿಗೆ ಹನ್ನೊಂದ ದಿನ ಆತು," ಅಂದಳು. "ಬಾನಿಯಾಗಿನ ಬಟ್ಟಿ ತಗದು ತೊಳೀದಿದ್ರ ಸುಣ್ಣ ತಿಂದು ನೂಲು ಸುಟ್ಟ ಹೊಕ್ಕಾವ. ಒರತಿ ನೀರು ಕುಡ್ಯಾಕ ಸಾಲವಲ್ದು."

"ನಾ ಏನ ಮಾಡ್ಲಿ ಅಕ್ಕಾ? ಬಂದದ್ದನ್ನ ಹೇಳತೀನಿ. ಒಂದರ ಸುಳ್ಳ ಹೇಳೀನೇನು?"

"ನೀ ಸುಳ್ಳ ಹೇಳತೀ ಅಂತ ನಾ ಅಂದಿಲ್ಲ. ನೊಣಾನ ಸುಳ್ಳ ಹೇಳಾಕತ್ತಾವೇನು ಅಂತ ಕೇಳಾಕ ಬಂದೀನಿ."

ಇಷ್ಟು ಹೇಳಿ ಇಳಿದು ಹೋದಳು. ನನಗೆ ಸಿಟ್ಟು ಬಂತು. ಎಣಿಕೆ ಮುಗಿದ ಮೇಲೆ ನೊಣಗಳನ್ನು ಕಿಟಕಿಯಿಂದ ಬಿಟ್ಟುಬಿಡುವುದು ಪದ್ಧತಿ. ಆ ದಿನ ಸಿಟ್ಟಿನಲ್ಲಿ ಬಟ್ಟಲುಗಳ ಮೇಲೆ ತೆಳು ಬಟ್ಟೆ ಎಳೆದು ಮನೆಗೆ ನಡೆದುಬಿಟ್ಟೆ. ಗಂಡನಿಗೆ ತೋಟಕ್ಕೆ ರೊಟ್ಟಿ ಕೊಟ್ಟು ಮಧ್ಯಾಹ್ನ ವಾಪಸು ಬಂದಾಗ ಬಟ್ಟಲು ನೆನಪಾಯಿತು. ನೊಣಗಳು ಎಚ್ಚರಾಗಿ ಬಟ್ಟೆಯ ಕೆಳಗೆ ಹರಿದಾಡುತ್ತಿದ್ದವು. ಬಿಡುವ ಮೊದಲು, ಯಾಕೋ ಏನೋ, ಮತ್ತೊಮ್ಮೆ ಹತ್ತಿ ತೋರಿಸಿ ಮಲಗಿಸಿ ಭೂತಗನ್ನಡಿ ಹಿಡಿದೆ.

ಹೆಣ್ಣಿನ ಬಟ್ಟಲಿನಲ್ಲಿ ಕಪ್ಪು ತುದಿಗಳಿದ್ದವು. ಒಂದೆರಡಲ್ಲ. ಕುಂಚದಿಂದ ಸರಿಸುತ್ತಾ ಹೋದೆ. ಇಪ್ಪತ್ತೊಂದು. ಬೆಳಗಿನ ಮೂವತ್ತೆರಡಕ್ಕೆ ಇದನ್ನು ಸೇರಿಸಿದರೆ ಗಂಡು ಐವತ್ತಮೂರು. ಆ ದಿನದ ನೀರು ಕೆಳಗಿನ ಓಣಿಗೆ ಸೇರಬೇಕಾಗಿದ್ದದ್ದು. ಆ ಹೊತ್ತಿಗಾಗಲೇ ಅದು ನಮ್ಮದೇ ಅಂಜೂರದ ಬುಡದಲ್ಲಿ ಇಂಗಿತ್ತು.

ನನ್ನ ಕಣ್ಣೇ ತಪ್ಪಿರಬೇಕು ಎಂದುಕೊಂಡೆ. ಮರುದಿನವೂ ಬಟ್ಟಲು ಮುಚ್ಚಿಟ್ಟು ಮಧ್ಯಾಹ್ನ ನೋಡಿದೆ. ಅದರ ಮರುದಿನವೂ. ಈ ಸಲ ಬಿಟ್ಟೂಬಿಡದೆ ಕೂತು ನೋಡಿದೆ. ಆಗ ತಿಳಿಯಿತು. ಕೋಶದಿಂದ ಈಗಷ್ಟೇ ಹೊರಬಿದ್ದ ನೊಣ ಗಂಡಾದರೂ ಹೆಣ್ಣಾದರೂ ಬೆಳ್ಳಗೆ, ಉದ್ದಕ್ಕೆ, ಮುದುರಿದ ರೆಕ್ಕೆಯಲ್ಲಿ ಒಂದೇ ತರಹ ಇರುತ್ತದೆ. ಹೊಟ್ಟೆಯೊಳಗೆ ಒಂದು ಹಸಿರುಗಪ್ಪು ಚುಕ್ಕೆ ಕಾಣುತ್ತದೆ, ಅಷ್ಟೇ. ರೆಕ್ಕೆ ಬಿಚ್ಚಿ, ಮೈ ಗಟ್ಟಿಯಾಗಿ, ಗಂಡಿನ ತುದಿಗೆ ಕಪ್ಪು ಏರಲು ಹೊತ್ತು ಬೇಕು. ನಸುಕಿನಲ್ಲಿ ಹುಟ್ಟಿದ ಗಂಡನ್ನೆಲ್ಲ ನಾವು ಹೆಣ್ಣು ಎಂದು ಎಣಿಸುತ್ತಿದ್ದೆವು. ಫಕೀರವ್ವ ಬಂದುಹೋದ ಮರುದಿನದಿಂದ ಆರು ದಿನ ಹೀಗೆ ನೋಡಿದೆ. ಆರೂ ದಿನ ಬೆಳಗ್ಗೆ ಹೆಣ್ಣೇ ಬಂದಿತ್ತು. ಮಧ್ಯಾಹ್ನ ನೋಡಿದರೆ ಅದರಲ್ಲಿ ಮೂರು ದಿನ ಗಂಡು.

ಏಳನೆಯ ದಿನ ದುಂಡಪ್ಪಜ್ಜನ ಮನೆಗೆ ಹೋದೆ. ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿದ.

"ನಮ್ಮ ಗುರುವಿನ ಕಾಲಕ್ಕ ನೋಡೂದು ಮಟಮಟ ಮಧ್ಯಾಹ್ನ ಇತ್ತು," ಅಂದ. "ತ್ವಾಟಕ್ಕ ತಂಪೊತ್ತಿನ್ಯಾಗ ನೀರ ಬಿಡಬೇಕು, ಬೆಳಿಗ್ಗೆನ ನೋಡ್ರಿ ಅಂತ ಮ್ಯಾಲಿನ ಓಣಿ ಹಿರ್ಯಾರು ಕೇಳಿದ್ರು. ಗುರು ಹೂಂ ಅಂದ. ಅಂವಗ ಬೆಳಿಗ್ಗೆನೂ ತಪ್ಪತಿರಲಿಲ್ಲ. ಅಂವ ತುದಿ ನೋಡತಿರಲಿಲ್ಲ, ಮುಂಗಾಲ ನೋಡತಿದ್ದ."

"ಮುಂಗಾಲಾಗ ಏನೈತಿ?"

"ಗಂಡಿಗೆ ಎರಡೂ ಮುಂಗಾಲಾಗ ಒಂದೊಂದು ಬಾಚಣಿಗಿ ಇರತೈತಿ. ಕರೀದು, ಸಣ್ಣ ಹಲ್ಲಿಂದು. ಹೆಣ್ಣಿಗೆ ಇರೂದಿಲ್ಲ. ಹುಟ್ಟಿದಾಗಿಂದ ಇರತೈತಿ. ಹುಟ್ಟೂಕಿಂತ ಮೊದಲ, ಕೋಶದಾಗಿದ್ದಾಗನ, ಎರಡು ಕರೀ ಚುಕ್ಕಿ ಕಂಡಂಗ ಕಾಣತೈತಿ."

"ಅದನ್ನ ನನಗ ಯಾಕ ಕಲಿಸಲಿಲ್ಲ ಅಜ್ಜಾ?"

"ನನಗ ಕಾಣದಂಗ ಆದದ್ದನ್ನ ನಿನಗ ಹೆಂಗ ತೋರಸ್ಲೆವ್ವಾ?" ಅವನ ದನಿ ಕುಗ್ಗಿತು. "ಸೇರಿದ ಎರಡ್ಮೂರು ವರ್ಷಕ್ಕ ಕಣ್ಣು ಆ ಬಾಚಣಿಗಿ ಹಿಡೀದಂಗ ಆತು. ತುದಿ ನೋಡಿದ್ರ ಸಾಕು ಅನಕೊಂಡೆ. ಕೆಲಸ ಹೋದೀತು ಅಂತ ಯಾರಿಗೂ ಹೇಳಲಿಲ್ಲ. ಹೆಚ್ಚು ಕಡಿಮಿ ಆಗತೈತಿ ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರಲಿಲ್ಲ."

ನಾನು ಎದ್ದೆ. ಅವನು ನನ್ನ ಸೆರಗು ಹಿಡಿದ. ಅಷ್ಟು ವರ್ಷಗಳಲ್ಲಿ ಅವನು ಯಾರನ್ನೂ ಏನನ್ನೂ ಬೇಡಿದ್ದನ್ನು ನಾನು ಕಂಡಿರಲಿಲ್ಲ.

"ಬಾಳವ್ವಾ, ನಾ ಇನ್ನ ಎಷ್ಟ ದಿನ ಇರಾಂವ? ಎರಡು ಬ್ಯಾಸಿಗಿ ಕಂಡ್ರ ಹೆಚ್ಚು. ನಾ ಕಣ್ಮುಚ್ಚಿದ ಮ್ಯಾಲ ಹೇಳು. ನಲವತ್ತ ವರ್ಷ ಊರು ನನ್ನ ಮಾತು ನಂಬೇತಿ."

ಆ ಮಾತು ಎದೆಗೆ ನಾಟಿತು. ನನಗೆ ಕೆಲಸ ಕಲಿಸಿದವನು, ನನ್ನ ಮದುವೆಯಲ್ಲಿ ಅಕ್ಕಿಕಾಳು ಹಾಕಿದವನು. ಆದರೆ ಹನ್ನೊಂದು ದಿನ ಎಂದಿದ್ದ ಫಕೀರವ್ವನ ಲೆಕ್ಕ ಅಷ್ಟರಲ್ಲಿ ಹದಿನೆಂಟಾಗಿತ್ತು.

"ಅಜ್ಜಾ, ನೀ ನೂರ ವರ್ಷ ಇರು. ಆದ್ರ ಅಲ್ಲೀತನಕ ಅವರು ನೀರಿಲ್ಲದ ಇರಾಕ ಆಗೂದಿಲ್ಲ," ಅಂದೆ. "ನಿನ್ನ ಹೆಸರು ನನ್ನ ಬಾಯಿಂದ ಬರೂದಿಲ್ಲ. ನಾಲ್ಕ ವರ್ಷ ನಾನೂ ತಪ್ಪ ನೋಡೀನಿ. ನಂದನ್ನ ನಾ ಹೇಳತೀನಿ."

ಅವನು ಸೆರಗು ಬಿಟ್ಟು ಮುಖ ಆ ಕಡೆ ತಿರುಗಿಸಿದ.

ಮನೆಯಲ್ಲಿ ನನ್ನ ಗಂಡ ಕಲ್ಮೇಶನಿಗೆ ಹೇಳಿದೆ. ಅವನು ಊಟದ ಮುಂದಿನಿಂದ ಎದ್ದುಬಿಟ್ಟ. "ನಮ್ಮ ಗಿಡಾ ಒಣಗಿಸಿ ಯಾರ ಬಟ್ಟಿ ತೊಳಸ್ತಿ ನೀ?" ಎಂದು ಕೇಳಿದ. ಆಮೇಲೆ ಎರಡು ದಿನ ನನ್ನ ಜೊತೆ ಮಾತಿಲ್ಲ. ಆ ಎರಡು ದಿನ ನಾನು ಮಂಟಪದಲ್ಲಿ ಕೂತು ಬಾಚಣಿಗೆ ಹುಡುಕಿದೆ. ಮೊದಲ ದಿನ ಏನೂ ಕಾಣಲಿಲ್ಲ. ಕಾಲೆಂದರೆ ಕೂದಲೆಳೆ, ಅದರ ಮೇಲೆ ಇನ್ನೊಂದು ಕೂದಲು ಹೇಗೆ ಕಂಡೀತು? ಒಂದು ಭೂತಗನ್ನಡಿಯ ಮೇಲೆ ಇನ್ನೊಂದನ್ನು ಹಿಡಿದೆ. ಬಿಸಿಲು ಓರೆಯಾಗಿ ಬೀಳುವಂತೆ ಕೂತೆ. ಎರಡನೆಯ ದಿನ ನಡುಹಗಲಿಗೆ, ಮಲಗಿದ್ದ ಒಂದು ನೊಣದ ಮುಂಗಾಲಿನ ಗಂಟಿನ ಕೆಳಗೆ ಕಸೂತಿಯ ಅತಿ ಸಣ್ಣ ಹೊಲಿಗೆಯಂಥ ಕಪ್ಪು ಗೀಟು ಕಂಡಿತು. ಒಮ್ಮೆ ಕಂಡ ಮೇಲೆ ಎಲ್ಲ ಗಂಡುಗಳಲ್ಲೂ ಕಾಣತೊಡಗಿತು. ಕೋಶಗಳಲ್ಲೂ ಕಂಡಿತು, ಅಜ್ಜ ಹೇಳಿದ ಹಾಗೆ, ಎರಡು ಚುಕ್ಕೆ.

ಮೂರನೆಯ ದಿನ ರಾಚನಗೌಡರ ಮನೆಗೆ ಹೋದೆ. ಅವರು ಊರಿನ ಹಿರಿಯರು, ಅವರ ತೋಟವೇ ಎಲ್ಲರಿಗಿಂತ ದೊಡ್ಡದು. ಕೆಟ್ಟ ಮನುಷ್ಯರಲ್ಲ. ಕೇಳಿ ನಕ್ಕರು.

"ತಂಗೀ, ನೀ ನಮ್ಮ ಓಣಿ ಮಗಳು. ಬಿಸಲಾಗ ಕುಂತು ಕಣ್ಣಿಗೆ ದಣಿವಾಗೇತಿ. ಕಾಣದ ಬಾಚಣಿಗಿ ಹೆಸರು ಹೇಳಿ ತೂಬು ತಿರುವಾಕ ಆಗತೈತೇನು?"

"ನೀವು ನನ್ನ ಕಣ್ಣ ನಂಬಬ್ಯಾಡ್ರಿ ಗೌಡ್ರ. ಊರ ಮುಂದ ಪರೀಕ್ಷಾ ಮಾಡ್ರಿ. ನಾಳೆ, ಮರುದಿನ ಒಡಿಯೂ ಕೋಶ ನಲವತ್ತು ತಗೀತೀನಿ. ಒಡಿಯೂಕಿಂತ ಮೊದಲ ಇದು ಗಂಡು ಇದು ಹೆಣ್ಣು ಅಂತ ಎರಡ ಸೀಸೆಯಾಗ ಬ್ಯಾರೆ ಬ್ಯಾರೆ ಇಡತೀನಿ. ನೀವು ಅರಗಿನ ಮುದ್ರಿ ಒತ್ರಿ. ನಾಡಿದ್ದು ಮಧ್ಯಾಹ್ನ ಎಲ್ಲಾರೂ ನೋಡ್ರಿ. ತಪ್ಪಾದ್ರ ಕುಂಚ ನಿಮ್ಮ ಕೈಯಾಗ ಇಟ್ಟು ಕಸೂತಿಗೆ ಹೋಗತೀನಿ."

ಗೌಡರು ನಗುವುದನ್ನು ನಿಲ್ಲಿಸಿದರು. "ಹುಟ್ಟೂಕಿಂತ ಮೊದಲ ಹೇಳತೀಯಾ?"

"ಹೇಳತೀನ್ರಿ."

ಮರುದಿನ ಎರಡೂ ಓಣಿಯವರು ಮಂಟಪದ ಮುಂದೆ ಸೇರಿದರು. ನಾನು ಸೀಸೆಯ ಗೋಡೆಗೆ ನೀರು ತಾಗಿಸಿ, ರೆಕ್ಕೆ ಕಪ್ಪಾಗಿದ್ದ ಕೋಶಗಳನ್ನು ಕುಂಚದಿಂದ ಒಂದೊಂದಾಗಿ ಬಿಡಿಸಿ ತೆಗೆದೆ. ಎರಡು ಚುಕ್ಕೆ ಇದ್ದರೆ ಬಲಗಡೆಯ ಸೀಸೆಗೆ, ಇಲ್ಲದಿದ್ದರೆ ಎಡಗಡೆಯದಕ್ಕೆ. ಇಪ್ಪತ್ತು ಇಪ್ಪತ್ತು ಆದ ಮೇಲೆ ಗೌಡರು ಎರಡರ ಬಾಯಿಗೂ ಬಟ್ಟೆ ಕಟ್ಟಿಸಿ ಅರಗು ಒತ್ತಿದರು. ಕಾವಲಿಗೆ ಎರಡೂ ಓಣಿಯಿಂದ ಇಬ್ಬಿಬ್ಬರು ಕೂತರು.

ಅದರ ಮರುದಿನ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಜನ ಕಿಕ್ಕಿರಿದಿದ್ದರು. ನೊಣಗಳು ಒಡೆದು ಬಂದಿದ್ದವು. ಗೌಡರು ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಎರಡರಲ್ಲೂ ಬೆಳ್ಳಗಿನ ನೊಣಗಳು, ಒಂದಕ್ಕೂ ಕಪ್ಪು ತುದಿ ಇಲ್ಲ.

"ಎಲ್ಲಾ ಹೆಣ್ಣ ಅದಾವಲ್ಲಬೇ!" ಎಂದು ಮೇಲಿನ ಓಣಿಯ ಯಾರೋ ಕೂಗಿದರು. ನಗೆ ಎದ್ದಿತು. ಕಲ್ಮೇಶ ಗುಂಪಿನ ಹಿಂದೆ ತಲೆ ತಗ್ಗಿಸಿ ನಿಂತಿದ್ದ.

"ಇನ್ನೂ ಹೊತ್ತಾಗಿಲ್ರಿ. ಕುಂದರ್ರಿ," ಅಂದೆ. "ದಿನಾ ಈ ಹೊತ್ತಿಗೇ ನೋಡಿ ತೂಬು ತಿರುವತಿದ್ವಿ. ಇವತ್ತೊಂದ ದಿನ ಕುಂತು ನೋಡ್ರಿ."

ಕೆಲವರು ಎದ್ದು ಹೋದರು. ಗೌಡರು ಕಂಬಕ್ಕೆ ಒರಗಿ ಕೂತರು, ಹಾಗಾಗಿ ಉಳಿದವರೂ ಕೂತರು. ಬಿಸಿಲು ಏರಿತು. ರೆಕ್ಕೆಗಳು ಬಿಚ್ಚಿಕೊಂಡವು. ಫಕೀರವ್ವ ಸೀಸೆಗಳ ಎದುರಿಗೇ ಕೂತು ಕಣ್ಣು ಕೀಳದೆ ನೋಡುತ್ತಿದ್ದಳು. ಹೊತ್ತು ನೆತ್ತಿಗೆ ಬರುವ ಸ್ವಲ್ಪ ಮೊದಲು ಅವಳೇ ಮೊದಲು ಹೇಳಿದಳು, "ಬಲಗಡೀದರಾಗ ಕಪ್ಪ ಏರಾಕತ್ತೇತಿ."

ಎಲ್ಲರೂ ಮುಗಿಬಿದ್ದರು. ಬಲಗಡೆಯ ಸೀಸೆಯಲ್ಲಿ ಒಂದಾದ ಮೇಲೊಂದು ನೊಣದ ತುದಿ ಮಸಿ ಹಿಡಿಯುತ್ತಾ ಬಂತು. ಎಡಗಡೆಯದರಲ್ಲಿ ಹೆಚ್ಚಿನವು ಪಟ್ಟೆ ಪಟ್ಟೆಯಾಗಿಯೇ ಉಳಿದವು. ಗೌಡರು ಅರಗು ಒಡೆದರು. ನಾನು ನೊಣಗಳನ್ನು ಮಲಗಿಸಿ ಹಾಳೆಯ ಮೇಲೆ ಸುರಿದೆ. ಬಲಗಡೆ ಇಪ್ಪತ್ತಕ್ಕೆ ಇಪ್ಪತ್ತೂ ಗಂಡು. ಎಡಗಡೆ ಹತ್ತೊಂಬತ್ತು ಹೆಣ್ಣು, ಒಂದು ಗಂಡು. ಆ ಒಂದನ್ನು ಕುಂಚದ ತುದಿಯಿಂದ ಎತ್ತಿ ಎಲ್ಲರಿಗೂ ತೋರಿಸಿದೆ.

"ಇದೊಂದು ನಾ ತಪ್ಪೀನಿ. ಅದಕ್ಕ ಹೇಳತೀನಿ, ಬೆಳಿಗ್ಗೆ ನೋಡೂದು ನನ್ನೊಬ್ಬಾಕಿ ಕಣ್ಣ ನಂಬೂದು ಆಗತೈತಿ. ಅದು ಬ್ಯಾಡ. ನಾಳೆ ನನ್ನ ಕಣ್ಣಿಗೂ ಪೊರಿ ಬರತೈತಿ. ಎಲ್ಲಾರಿಗೂ ಕಾಣೂ ಹೊತ್ತಿನ್ಯಾಗ, ಮಧ್ಯಾಹ್ನ ನೋಡೋಣು. ನೋಡಿದ್ದಕ್ಕ ಮರುದಿನ ತಂಪೊತ್ತಿನ್ಯಾಗ ತೂಬು ತಿರುವೋಣು. ನಿಮ್ಮ ಗಿಡಕ್ಕೂ ತ್ರಾಸಿಲ್ಲ."

ಗೌಡರು ಬಹಳ ಹೊತ್ತು ಆ ಹಾಳೆಯನ್ನೇ ನೋಡಿದರು. "ಅಂದ್ರ ಇಷ್ಟ ವರ್ಷ..." ಎಂದು ಶುರು ಮಾಡಿ ನಿಲ್ಲಿಸಿದರು. ಗಂಡು ಯಾವುದು ಹೆಣ್ಣು ಯಾವುದು ಎಂದು ಈಗ ಅಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಗೌಡರು ಎದ್ದು ಹೆಗಲ ಮೇಲಿನ ಟವೆಲು ಕೊಡವಿ, "ಹಂಗ ಆಗಲಿ. ಇಂದಿನ ನೀರು ಕೆಳಗ ಹೋಗಲಿ," ಅಂದರು. ತೂಬಿನ ಹಲಗೆ ಹಳೆಯ ಅಭ್ಯಾಸಕ್ಕೆ ಎಡಕ್ಕೇ ಬಿಗಿದುಕೊಂಡಿತ್ತು. ಇಬ್ಬರು ಬಣ್ಣಗಾರರು ಒದ್ದಾಡುತ್ತಿದ್ದಾಗ ಕಲ್ಮೇಶ ಹೋಗಿ ಹೆಗಲು ಕೊಟ್ಟ. ನನ್ನ ಕಡೆ ನೋಡಲಿಲ್ಲ. ಆದರೆ ಆ ಸಂಜೆ ಊಟಕ್ಕೆ ಕೂತಾಗ, "ಅಂಜೂರಕ್ಕ ಬುಡದಾಗ ತೊಪ್ಪಲ ಮುಚ್ಚಿದ್ರ ಅರ್ಧ ನೀರಾಗ ನಡೀತಾವಂತ," ಎಂದ.

ದುಂಡಪ್ಪಜ್ಜ ಆ ದಿನ ಬಂದಿರಲಿಲ್ಲ. ಮರುದಿನ ಅವನ ಮನೆಗೆ ಹೋದೆ, ಬಾಗಿಲು ತೆಗೆಯಲಿಲ್ಲ. ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ಬಂದೆ. ಮಾರನೆಯ ದಿನ ಬುತ್ತಿ ಇಟ್ಟಲ್ಲೇ ಇತ್ತು. ಹೊಸದನ್ನು ಇಟ್ಟೆ. ನಾಲ್ಕನೆಯ ದಿನ ಹೋದರೆ ಬಾಗಿಲು ಹಾರು ಹೊಡೆದಿತ್ತು, ಅಜ್ಜ ಇರಲಿಲ್ಲ. ಹುಡುಕುತ್ತಾ ಹಳ್ಳದ ಕಡೆಗೆ ಓಡಿದೆ. ಎದುರಿಗೆ ಸಿಕ್ಕ ಬಣ್ಣಗಾರನೊಬ್ಬ ಕೆಳಗಿನ ಓಣಿಯ ಕಡೆ ಕೈ ತೋರಿಸಿದ.

ಅಜ್ಜ ಕೋಲು ಊರಿಕೊಂಡು, ಗೋಡೆ ತಡವುತ್ತಾ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿದ್ದ. ಪ್ರತಿ ಬಾಗಿಲಲ್ಲೂ ನಿಂತು ಒಂದೇ ಮಾತು. "ನಾ ದುಂಡಪ್ಪ. ನನಗ ಕಾಣಸ್ತಿರಲಿಲ್ಲ. ಕಾಣಸ್ತೈತಿ ಅಂತ ಹೇಳಿ ನೊಣ ನೋಡೀನಿ. ನಿಮ್ಮ ನೀರು ಹೋಗೇತಿ." ಇಷ್ಟು ಹೇಳಿ ಮುಂದಿನ ಬಾಗಿಲಿಗೆ. ಒಂದು ಮನೆಯವರು ಬಾಗಿಲು ಹಾಕಿಕೊಂಡರು. ಒಬ್ಬ ಮುದುಕಿ ಬಯ್ದಳು. ಒಡಲ ಸಿಟ್ಟನ್ನೆಲ್ಲ ಹೊರಗೆ ಹಾಕಿ ಬಯ್ದಳು. ಅಜ್ಜ ಮುಗಿಯುವವರೆಗೆ ನಿಂತು ಕೇಳಿದ. ನಾನು ಕೈ ಹಿಡಿಯಲು ಹೋದೆ.

"ಬ್ಯಾಡ, ನೀ ಹಿಡೀಬ್ಯಾಡ," ಅಂದ. "ಇನ್ನ ಹದಿನಾಲ್ಕ ಮನಿ ಅದಾವ. ನಿಂದು ನೀ ಹೇಳಿದಿ, ನಂದು ನಾ ಹೇಳತೀನಿ."

ಫಕೀರವ್ವನ ಮನೆ ಓಣಿಯ ಕೊನೆಯಲ್ಲಿತ್ತು. ಅವಳು ಅಜ್ಜ ಹೇಳಿದ್ದನ್ನು ಕೇಳಿದಳು. "ತಿಳೀತು ಬಿಡು," ಅಂದಳು. ಕ್ಷಮಿಸಿದೆ ಎನ್ನಲಿಲ್ಲ. ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿ ಒಂದು ಚೆಂಬು ನೀರು ಕೊಟ್ಟಳು. ಅಜ್ಜ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಹನಿ ಚೆಲ್ಲದಂತೆ ಕುಡಿದ.

ಮಧ್ಯಾಹ್ನದ ನೋಟ ಶುರುವಾಗಿ ಎಂಟು ದಿನವಾಗಿತ್ತು. ಐದು ಸಲ ಗಂಡು, ಮೂರು ಸಲ ಹೆಣ್ಣು ಬಂದಿತ್ತು. ಒಂಬತ್ತನೆಯ ದಿನ ಮಂಟಪದ ಮುಂದೆ ಕೆಳಗಿನ ಓಣಿಯವರೇ ಹೆಚ್ಚು. ಮಳೆಗಾಲಕ್ಕೆ ಮುಂಚೆ ಒಪ್ಪಿಸಬೇಕಾದ ದೊಡ್ಡ ಬಾನಿಯ ಬಟ್ಟೆಗಳನ್ನು ಅವರು ತೆಗೆದಿಟ್ಟಿದ್ದರು. ತೊಳೆಯಲು ನೀರು ಬೇಕೇ ಬೇಕಿತ್ತು. ನಾನು ಎಣಿಸಿದೆ. ಹೆಣ್ಣು ಐವತ್ತೆರಡು, ಗಂಡು ನಲವತ್ತೆಂಟು. ಹೊರಗೆ ಬಂದು ಇದ್ದದ್ದನ್ನೇ ಕೂಗಿದೆ.

ಫಕೀರವ್ವ ಮೆಟ್ಟಿಲು ಹತ್ತಿ ಬಂದಳು. ನಾನು ಭೂತಗನ್ನಡಿ ಕೊಟ್ಟೆ. ಅವಳು ಕುಂಚ ಹಿಡಿದು, ನೀಲಿ ಬೆರಳುಗಳನ್ನು ಜೋಪಾನವಾಗಿ ಸರಿಸುತ್ತಾ, ನೂರನ್ನೂ ತಾನೇ ಎಣಿಸಿದಳು. ಒಂದು ನೊಣವನ್ನು ಎರಡು ಸಲ ತಿರುಗಿಸಿ ನೋಡಿದಳು, ಆಮೇಲೆ ಹೆಣ್ಣಿನ ಕಡೆಗೇ ಇಟ್ಟಳು. ಎದ್ದು ಕುಂಚವನ್ನು ನನ್ನ ಕೈಗೆ ಕೊಟ್ಟು ಹೊರಗೆ ನಡೆದಳು.

"ಖರೇ ಐತಿ. ನಾಳಿನ ನೀರು ಮ್ಯಾಲಿನ ಓಣೀದು," ಎಂದು ತನ್ನವರಿಗೆ ಹೇಳಿದಳು. ಅವರು ಖಾಲಿ ಕೊಡಗಳನ್ನು ಎತ್ತಿಕೊಂಡು ಒರತೆಯ ಕಡೆಗೆ ಇಳಿಜಾರಿನಲ್ಲಿ ಇಳಿದು ಹೋದರು.